ಮೊಳಕೆ ಬಂದ ಮಣ್ಣೆತ್ತುಗಳು

ಜೂನ್ ತಿಂಗಳು, ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನು ಮೂರು ದಿನ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಯರಗುಪ್ಪಿಯ ನಮ್ಮ ಮನೆಯ ಹಿತ್ತಲಲ್ಲಿ ಪರಿಸರಸ್ನೇಹಿ ಎತ್ತುಗಳ ತಯಾರಿಕೆಯನ್ನು ನಾನು ವಿಧ್ಯುಕ್ತವಾಗಿ ಆರಂಭಿಸಿದೆ. ಯಾವ ಕೆಲಸಕ್ಕೆ ಕೈಹಾಕಿದರೂ ತಾರೀಖು, ವೇಳೆ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಕೆಲಸ ಕೆಟ್ಟರೂ, ಕೆಟ್ಟ ವೇಳೆಯಾದರೂ ನಿಖರವಾಗಿ ಗೊತ್ತಿರುತ್ತದೆ.

ಪ್ರತಿ ವರ್ಷ ನಮ್ಮದೂ ಸೇರಿ ಓಣಿಯ ಐದು ಮನೆಗಳಿಗೆ, ಮನೆಗೊಂದು ಜೋಡಿಯಂತೆ, ಪೂಜೆಯ ಮಣ್ಣೆತ್ತು ಮಾಡಿಕೊಡುವವಳು ಆಯಿ, ನಮ್ಮಪ್ಪನ ತಾಯಿ. ಆ ಮನೆಗಳಲ್ಲಿ ಈಗ ಎತ್ತಿಗಿಂತ ಟ್ರ್ಯಾಕ್ಟರ್ ಹೆಚ್ಚು. ಆದರೆ ಟ್ರ್ಯಾಕ್ಟರಿಗೆ ಕಡುಬಿನ ನೈವೇದ್ಯ ಹಿಡಿಯಲು ಯಾರಿಗೂ ಮನಸ್ಸಾಗುವುದಿಲ್ಲ. ಈ ಸಲ ಆಯಿ ಬಚ್ಚಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು.

"ಪ್ಯಾಟ್ಯಾಗ ಬಣ್ಣದ ಎತ್ತು ಸಿಗತಾವಂತ. ನೀಲಕ್ಕ ಕೇಳಿಕೊಂಡ ಬಂದಾಳ," ಎಂದಳು ಆಯಿ. ನೀಲಕ್ಕ ನಮ್ಮ ಬಾಜು ಮನೆಯವಳು. "ಒಂದ್ಸಲ ತಂದ್ರಂದ್ರ ಮುಗೀತು. ಮುಂದಿನ ವರ್ಷ ಯಾರೂ ನಮ್ಮ ಬಾಗ್ಲಕ್ಕ ಬರೂದಿಲ್ಲ."

ಆಯಿ ಪ್ಲಾಸ್ಟರ್ ಸವರಿಕೊಳ್ಳುತ್ತ ಕೂತಳು. ನನಗೆ ತಡೆಯಲಾಗಲಿಲ್ಲ.

"ನಾ ಮಾಡತೀನಿ ಬಿಡ ಬೇ ಆಯಿ."

"ನೀನಾ? ನಿನಗ ರೊಟ್ಟಿನ ದುಂಡಗ ಬರೂದಿಲ್ಲ."

"ಎತ್ತು ದುಂಡಗ ಎಲ್ಲೆ ಇರತಾವು?"

ಆಯಿ ಎಡಗೈಯಿಂದ ಹಣೆ ಬಡಿದುಕೊಂಡಳು. ಅದನ್ನೇ ನಾನು ಒಪ್ಪಿಗೆ ಎಂದು ತಿಳಿದೆ.

ನಮ್ಮ ಆಯಿ ಏನನ್ನೂ ಎಸೆಯುವವಳಲ್ಲ. ಸವೆದ ಸೀರೆ ಕೌದಿಯಾಗುತ್ತದೆ, ತೂತು ಬಿದ್ದ ಕೊಡ ತುಳಸಿಕಟ್ಟೆಯಾಗುತ್ತದೆ, ಎಣ್ಣೆ ಡಬ್ಬಿಯ ಮುಚ್ಚಳ ಮೊರಕ್ಕೆ ತೇಪೆಯಾಗುತ್ತದೆ. ಅವಳ ಮೊಮ್ಮಗಳಾಗಿ ನಾನು ಬರೀ ಮಣ್ಣಿನ ಎತ್ತು ಮಾಡಿದರೆ ಹೇಗೆ? ಹಾಗಾಗಿ ಯೋಜನೆಯನ್ನು ವಿಸ್ತರಿಸಿದೆ. ಎರೆಮಣ್ಣು ಒಣಗಿದರೆ ಬಿರಿಯುತ್ತದೆ, ಆದ್ದರಿಂದ ಹಳೆಯ ಪೇಪರನ್ನು ನೆನೆಸಿ ಅರೆದು ಅದರಲ್ಲಿ ಕಲಸುವುದು. ಕಾಲಿಗೆ ಜೋಳದ ದಂಟು. ಮೈಮೇಲೆ ಹೊದಿಸುವ ಜೂಲಕ್ಕೆ ಹರಿದ ಸೀರೆಯ ಅಂಚು. ಎಲ್ಲಕ್ಕಿಂತ ಮಿಗಿಲಾಗಿ, ಹೊಟ್ಟೆಯ ತುಂಬ ಹೆಸರುಕಾಳು. ಪೂಜೆ ಮುಗಿದ ಮೇಲೆ ಎತ್ತನ್ನು ಹಿತ್ತಲಲ್ಲಿಟ್ಟು ನೀರು ಹಾಕಿದರೆ ಅಲ್ಲೇ ಬೆಳೆ! ಕಾಳು ಚೆನ್ನಾಗಿ ಹುಟ್ಟಲೆಂದು ಹಿಂದಿನ ರಾತ್ರಿಯೇ ನೆನೆಹಾಕಿದ್ದೆ.

ಮಧ್ಯಾಹ್ನದ ಹೊತ್ತಿಗೆ ಹತ್ತು ಎತ್ತುಗಳು ಸಿದ್ಧವಾದವು. ಮಣ್ಣು ಬಿರಿಯಬಾರದೆಂದು ಹಸಿ ಗೋಣಿಚೀಲ ಮುಚ್ಚಿದೆ. ಗಾಳಿ ಹೊಕ್ಕೀತೆಂಬ ಭಯದಿಂದ ಚೀಲ ಎತ್ತಿಯೂ ನೋಡದೆ, ಬೆಳಿಗ್ಗೆ ಸಂಜೆ ಅದರ ಮೇಲೇ ನೀರು ಚಿಮುಕಿಸಿದೆ. ನನ್ನ ಶಿಸ್ತಿಗೆ ನಾನೇ ತಲೆದೂಗಿದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಆರೂವರೆಗೆ ಚೀಲ ತೆಗೆದೆ.

ಎತ್ತುಗಳಿಗೆ ಕೂದಲು ಬಂದಿತ್ತು. ಬೆನ್ನು, ಹೊಟ್ಟೆ, ಕುತ್ತಿಗೆ, ಎಲ್ಲೆಂದರಲ್ಲಿ ಬಿಳಿ ಮೊಳಕೆ, ತುದಿಗೆ ಹಸಿರು. ಕಾಳು ಉಬ್ಬಿ ಮೂರು ಎತ್ತುಗಳ ಹೆಗಲ ಮೇಲಿನ ಹಿಣಿಲು ಒಡೆದಿತ್ತು. ಒಂದರ ತಲೆ ಉದುರಿ ಅದರ ಕಾಲ ಬಳಿಯೇ ಬಿದ್ದಿತ್ತು.

ಅವ್ವನನ್ನು ಕರೆತಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಕಾಳು ನೆನಿಹಾಕಿದ್ದಿ?"

"ಹೂಂ."

"ಹಸಿ ಅರಿವ್ಯಾಗ ಮುಚ್ಚಿಟ್ಟಿದ್ದಿ?"

"ಗೋಣಿಚೀಲ ಬೇ."

"ನೀರ ಹೊಡದಿ?"

"ದಿನಾ ಎರಡ ಸಲ."

"ಉಸಳಿ ಮಾಡಾಕ ನಾ ಮಡಕಿಕಾಳ ಮೊಳಕಿ ಕಟ್ಟೂದೂ ಹಿಂಗ ಅಲ್ಲೇನ? ವಾರಕ್ಕೊಮ್ಮಿ ತಿಂತೀಯಲ್ಲ, ಒಂದಿನನೂ ನೋಡಿಲ್ಲ?"

ತಿಂದಿದ್ದೆ. ನೋಡಿರಲಿಲ್ಲ.

ಬಿದ್ದ ತಲೆಯನ್ನು ಗೋಧಿಹಿಟ್ಟಿನ ಅಂಟಿನಿಂದ ಕೂರಿಸೋಣವೆಂದು ಇಬ್ಬರೂ ಒಳಗೆ ಹೋದೆವು. ಅಂಟು ಕಾಯಿಸಿ ಹೊರಬಂದಾಗ ನೀಲಕ್ಕನ ಆಡು ಎತ್ತುಗಳ ಸಾಲಿನಲ್ಲಿ ನಿಂತು, ಒಂದೊಂದರ ಬೆನ್ನನ್ನೂ ಶ್ರದ್ಧೆಯಿಂದ ಮೇಯುತ್ತಿತ್ತು. ನಾನು ಕೋಲೆತ್ತಿದ್ದೇ ತಡ, ಅದು ಉಳಿದವುಗಳ ಮೇಲೆ ಹಾರಿ ಓಡಿತು. ಹತ್ತು ಎತ್ತುಗಳಲ್ಲಿ ಒಂದೂ ಕಾಲ ಮೇಲೆ ನಿಂತಿರಲಿಲ್ಲ. ನನ್ನ ಯೋಜನೆಯಲ್ಲಿ ಏನನ್ನೂ ವ್ಯರ್ಥ ಮಾಡದೆ ನಡೆದುಕೊಂಡದ್ದು ಆ ಆಡು ಒಂದೇ.

ಆಯಿಗೆ ಹೇಳುವುದು ಹೇಗೆ? ಐದು ಮನೆಗಳಲ್ಲಿ ಕಡುಬಿಗೆ ಹೂರಣ ಕುದಿಯುತ್ತಿತ್ತು. ಎತ್ತಿಲ್ಲವೆಂದು ತಿಳಿದರೆ ಯಾರಾದರೂ ಬೈಕ್ ಹತ್ತಿ ಕುಂದಗೋಳದ ಪೇಟೆಗೆ ಹೋಗಿಯೇ ಹೋಗುತ್ತಾರೆ. ಅಷ್ಟರಲ್ಲಿ ಆಯಿಯೇ ಗೋಡೆ ಹಿಡಿದುಕೊಂಡು ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಒಂದು ಚೂರನ್ನೆತ್ತಿ ಮೊಳಕೆ ಮುಟ್ಟಿ ನೋಡಿ ನಕ್ಕಳು.

"ಇಷ್ಟ ವರ್ಷ ನಾನು ಎತ್ತಿಗೆ ಮೇವು ಹುಡುಕೀನಿ. ಮೇವು ಹೊತ್ತಗೊಂಡ ಬಂದ ಎತ್ತು ಇವತ್ತ ನೋಡಿದೆ. ಹೋಗ, ಕೆರಿ ದಂಡ್ಯಾಗಿನ ಮಣ್ಣ ತಾ. ಪೇಪರ್ ಗೀಪರ್ ಬ್ಯಾಡ."

ಅರ್ಧ ಕತ್ತರಿಸಿದ ಎಣ್ಣೆ ಡಬ್ಬಿಯಲ್ಲಿ ಮಣ್ಣು ತಂದೆ, ತುಳಿದು ಹದ ಮಾಡಿದೆ. ಆಯಿ ಎಡಗೈಯಲ್ಲಿ ಮುದ್ದೆ ಹಿಡಿದು, ಪ್ಲಾಸ್ಟರಿನಿಂದ ಒತ್ತಿ ಹಿಣಿಲು ಎಬ್ಬಿಸಿದಳು. ಎರಡು ಚಿವುಟಿಗೆ ಕೊಂಬು, ಒಂದು ಎಳೆತಕ್ಕೆ ಬಾಲ. ಎಡಗೈ ಎತ್ತುಗಳು ಕೊಂಚ ಒಂದು ಕಡೆಗೆ ವಾಲುತ್ತಿದ್ದವು, ಆದರೆ ನೊಗಕ್ಕೆ ಹೆಗಲು ಕೊಡಲು ವಾಲಿದಂತೆ ಕಾಣುತ್ತಿದ್ದವು. ನಾನು ನೋಡುತ್ತಲೇ ಕೂತುಬಿಟ್ಟೆ. "ಬರೀ ನೋಡಬ್ಯಾಡ, ಕೈ ಹಚ್ಚ," ಎಂದಳು. ಎಂಟು ಅವಳು ಮಾಡಿದಳು, ಎರಡು ನಾನು. ಹನ್ನೊಂದೂವರೆಗೆ ಮುಗಿಯಿತು. ಎಲ್ಲಕ್ಕೂ ಸೀರೆಯಂಚಿನ ಜೂಲ ಹೊದಿಸಿದೆ. ಅದೊಂದನ್ನು ಆಯಿ ಬೇಡವೆನ್ನಲಿಲ್ಲ.

ಎಲ್ಲರಿಗಿಂತ ಮೊದಲು ಬಂದವಳು ನೀಲಕ್ಕ. ಸಾಲಾಗಿಟ್ಟ ಎತ್ತುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಆಯಿಯ ಕೈಕೆಲಸವನ್ನು ಮನಸಾರೆ ಹೊಗಳಿದಳು.

"ಪ್ಯಾಟಿಗೆ ಯಾರ ಹೋಗ್ತಾರ್ರಿ ಆಯಿ? ಮುಂದಿನ ವರ್ಷದ್ದೂ ಈಗ ಹೇಳಿರ್ತೀನಿ, ನಮಗೊಂದ ಜೋಡಿ."

ಆಯಿಯ ಮುಖ ಅರಳಿತು. ನನಗೂ ಜೀವ ಬಂದಂತಾಯಿತು. ನೀಲಕ್ಕ ತುದಿಯಲ್ಲಿದ್ದ ಒಂದನ್ನು ತೋರಿಸಿದಳು.

"ಇದಂತೂ ಅಗದಿ ಚೊಲೋ ಆಗೇತಿ. ತೆಲಿ ತಗ್ಗಿಸಿ ನೀರ ಕುಡಿಯಾಕತ್ತೈತಿ ನೋಡ್ರಿ."

ಆಯಿ ನನ್ನ ಕಡೆ ನೋಡಿದಳು.

"ಕಾಕು, ಅದು ತೆಲಿ ಅಲ್ರಿ, ಬಾಲ," ಎಂದೆ.

ನಾನು ಮಾಡಿದ ಆ ಜೋಡಿ ನಮ್ಮ ಮನೆಯ ಜಗುಲಿಗೇ ಉಳಿಯಿತು. ನನ್ನ ಮುರಿದ ಎತ್ತುಗಳನ್ನು ಹಿತ್ತಲ ಮೂಲೆಗೆ ಸುರಿದಿದ್ದೆ. ಆಡು ಬಿಟ್ಟ ಕಾಳುಗಳೆಲ್ಲ ಗಿಡವಾಗಿ ಈಗ ಹಳದಿ ಹೂ ಬಿಟ್ಟಿವೆ. ಎಂದಮೇಲೆ ಯೋಜನೆ ತಪ್ಪಲ್ಲ, ಅವಸರ ಕಾಳಿನದು ಎಂಬುದು ನನ್ನ ವಾದ. ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಹಸಿ ಮಣ್ಣಿನೊಳಗಿನ ಹೆಸರುಕಾಳನ್ನು ಪೂಜೆ ಮುಗಿಯುವವರೆಗೆ ಸುಮ್ಮನಿರಿಸುವ ಉಪಾಯ ಬಲ್ಲ ಓದುಗರಿದ್ದರೆ ದಯವಿಟ್ಟು ಬರೆದು ತಿಳಿಸಿ. ಎತ್ತಿನ ತಲೆ ಯಾವ ಕಡೆಗೆ ಬರಬೇಕೆಂಬುದನ್ನು ಆಯಿ ಹೇಳಿಕೊಟ್ಟಿದ್ದಾಳೆ.