ಚಳಿಗಾಲದ ಬ್ಯಾಟರಿ ಪಾಲನೆ ಹಾಗೂ ‘ಹೆಚ್ಚು’ ಎಂಬ ಪದದ ನಿಷೇಧ

ಜಂಟಿ ಕ್ಯಾಂಪರ್ ವ್ಯಾನ್ ಇಲಾಖೆ
(ಬ್ಯಾಟರಿ ವಿಭಾಗ)
ಕಚೇರಿ: ಗ್ಯಾರೇಜ್, ಕೆಲ್ಲಿವಿಲ್, ಸಿಡ್ನಿ

ಸುತ್ತೋಲೆ ಸಂಖ್ಯೆ: ಜಂಕ್ಯಾಂ 12 ಬ್ಯಾಪಾ 2007
ದಿನಾಂಕ: 27-05-2007

ವಿಷಯ: ಕ್ಯಾಂಪರ್ ವ್ಯಾನನ್ನು ಚಳಿಗಾಲದಲ್ಲಿ ನಿಲ್ಲಿಸಿಡುವ ಅವಧಿಯಲ್ಲಿ ಅದರ ಬ್ಯಾಟರಿಯನ್ನು ಉಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1) ಶ್ರೀಮತಿ ರುದ್ರವ್ವನವರ ದೂರವಾಣಿ ಹೇಳಿಕೆ, ದಿನಾಂಕ 18-07-2006.
2) ಶ್ರೀ ಕೊರಗಪ್ಪನವರ ಒಂದು ಸಾಲಿನ ಇ-ಮೇಲ್, ದಿನಾಂಕ 11-03-2007.
3) ಉಪ್ಪಿನ ಡಬ್ಬಿ, ದಿನಾಂಕ 20-05-2007.

ಪ್ರಸ್ತಾವನೆ:

ಈ ಇಲಾಖೆಯು 2003ರಲ್ಲಿ ಇಬ್ಬರು ಸ್ನೇಹಿತರು ಸೇರಿ ಒಂದು ಹಳೆಯ ಕ್ಯಾಂಪರ್ ವ್ಯಾನ್ ಕೊಂಡ ಮಧ್ಯಾಹ್ನ ಅಸ್ತಿತ್ವಕ್ಕೆ ಬಂದಿರುತ್ತದೆ. ಸಿಡ್ನಿ ಕಚೇರಿಯ ಮುಖ್ಯಸ್ಥರು ಶ್ರೀ ಶಿವಲಿಂಗಪ್ಪ. ಇವರು ವಿದ್ಯಾರ್ಥಿಯಾಗಿ ಈ ದೇಶಕ್ಕೆ ಬರುವ ಮುನ್ನ ರೋಣದ ತಾಲ್ಲೂಕು ಕಚೇರಿಯಲ್ಲಿ ಎರಡು ವರ್ಷ ಏಳು ತಿಂಗಳು ದ್ವಿತೀಯ ದರ್ಜೆ ಸಹಾಯಕರಾಗಿದ್ದು, ಈಗ ಚಾಟ್ಸ್‌ವುಡ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದರೂ ಸುತ್ತೋಲೆ ಬರೆಯುವ ಚಟ ಬಿಟ್ಟಿರುವುದಿಲ್ಲ. ಮೆಲ್ಬರ್ನ್ ಕಚೇರಿಯ ಮುಖ್ಯಸ್ಥರು ಉಡುಪಿ ಕಡೆಯ ಶ್ರೀ ಕೊರಗಪ್ಪ. ಸದರಿ ಇಬ್ಬರೂ ಹ್ಯಾರಿಸ್ ಪಾರ್ಕ್‌ನ ಒಂದು ರೆಂಟ್ ಮನೆಯ ಒಂದೇ ಕೋಣೆಯಲ್ಲಿ, ಒಂದೇ ರಗ್ಗಿನಡಿ, ನಾಲ್ಕು ಚಳಿಗಾಲಗಳನ್ನು ಕಳೆದವರಾಗಿರುತ್ತಾರೆ. ಪಿಆರ್ (ಕಾಯಂ ವಾಸದ ಅನುಮತಿ) ಬಂದ ಬಳಿಕ ಕೊರಗಪ್ಪನವರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ, ರಗ್ಗು ಸಿಡ್ನಿಯಲ್ಲಿಯೇ ಉಳಿದಿರುತ್ತದೆ.

ವ್ಯಾನು ಚಳಿಗಾಲದಲ್ಲಿ ಸಿಡ್ನಿಯಲ್ಲಿ, ಬೇಸಿಗೆಯಲ್ಲಿ ಮೆಲ್ಬರ್ನ್‌ನಲ್ಲಿ ಇರತಕ್ಕದ್ದೆಂದು ಆಗಲೇ ತೀರ್ಮಾನಿಸಲಾಗಿತ್ತು. ಹಸ್ತಾಂತರಕ್ಕೆಂದು ಎರಡೂ ನಗರಗಳ ನಡುವಿನ ಹೋಲ್‌ಬ್ರೂಕ್ ಎಂಬ ಊರನ್ನು ಗೊತ್ತುಪಡಿಸಲಾಗಿತ್ತು. ಸಮುದ್ರವೇ ಇಲ್ಲದ ಈ ಊರಿನಲ್ಲಿ ಹುಲ್ಲಿನ ಮೇಲೆ ಒಂದು ಜಲಾಂತರ್ಗಾಮಿ ನೌಕೆಯನ್ನು ನಿಲ್ಲಿಸಲಾಗಿದ್ದು, ಅದರ ಎದುರು ವರ್ಷಕ್ಕೆ ಎರಡು ಬಾರಿ ಎರಡು ಕುಟುಂಬಗಳು ಒಟ್ಟಿಗೆ ಕುಳಿತು ಉಣ್ಣುತ್ತಿದ್ದವು. ಇದನ್ನು ಹೊರತುಪಡಿಸಿ ಇವರು ಭೇಟಿಯಾಗಲು ಬೇರಾವ ಕಾರಣವನ್ನೂ ಇಟ್ಟುಕೊಂಡಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಶಿವಲಿಂಗಪ್ಪನವರ ತಾಯಿ ರುದ್ರವ್ವನವರು ರೋಣದಿಂದ ಬಂದಿದ್ದರು. ಮಗ ಮತ್ತು ಸೊಸೆ ವೇದಾವತಿಯವರು ಆಫೀಸಿಗೆ ಹೋದ ಮೇಲೆ ಅವರು ಹಗಲಿಡೀ ಮನೆಯಲ್ಲಿ ಒಬ್ಬರೇ ಇರುತ್ತಿದ್ದರಿಂದ, ವ್ಯಾನಿನ ಬ್ಯಾಟರಿ ಮುಳ್ಳನ್ನು ನೋಡುವ ಕರ್ತವ್ಯವನ್ನು ಅವರಿಗೆ ವಹಿಸಲಾಗಿತ್ತು. ದಿನಾಂಕ 18-07-2006ರ ಮಂಗಳವಾರ, ಚಾರ್ಜರ್ ಹಾಕಿದ್ದಾಗ್ಯೂ ಮುಳ್ಳು ಕೆಂಪು ಗೆರೆಯ ಕೆಳಗೆ ಇಳಿದಿರುವುದನ್ನು ಅವರು ಗಮನಿಸಿದ್ದಾರೆ (ಇಳಿದ ಕಾರಣಕ್ಕೆ ಸೂಚನೆ 4 ನೋಡುವುದು). ಅದೇ ಹೊತ್ತಿಗೆ ಮೆಲ್ಬರ್ನ್‌ನಿಂದ ವಿಚಾರಿಸಲು ಫೋನ್ ಮಾಡಿದ ಕೊರಗಪ್ಪನವರಿಗೆ ಅವರು ನೀಡಿದ ಹೇಳಿಕೆ ಈ ಕೆಳಗಿನಂತಿರುತ್ತದೆ:

“ಬ್ಯಾಟರಿ ಹೆಚ್ಚೈತಿ, ತಮ್ಮಾ.”

ಇದಕ್ಕೆ ಕೊರಗಪ್ಪನವರು ನೀಡಿದ ನಿರ್ದೇಶನ:

“ಹೌದಾ? ಹಾಗಾದ್ರೆ ಪ್ಲಗ್ ತೆಗ್ದುಬಿಡಿ ಅಮ್ಮ. ಇನ್ನು ಅದರ ಹತ್ರ ಹೋಗುದು ಬೇಡ ಮಾರಾಯ್ರೆ.”

ರುದ್ರವ್ವನವರು ಪ್ಲಗ್ ತೆಗೆದಿದ್ದಾರೆ. ಅದರ ಹತ್ತಿರ ಹೋಗಿರುವುದಿಲ್ಲ. ಆಗಸ್ಟ್‌ನಲ್ಲಿ ಊರಿಗೆ ಮರಳಿದ್ದಾರೆ. ಅಮ್ಮ ನೋಡಿದ್ದಾರೆಂಬ ಭರವಸೆಯ ಮೇಲೆ ಮಗನೂ ನೋಡಿರುವುದಿಲ್ಲ.

ದಿನಾಂಕ 02-09-2006ರಂದು ಇಡ್ಲಿ ಕಟ್ಟಿಕೊಂಡು, ವ್ಯಾನಿನಲ್ಲಿ ಕುಳಿತು ಕೀ ತಿರುಗಿಸಲಾಗಿ, ‘ಟಕ್’ ಎಂಬ ಒಂದು ಶಬ್ದವನ್ನು ಮಾತ್ರ ದಾಖಲಿಸಲಾಗಿದೆ. ಅಷ್ಟರಲ್ಲಿ ಮೆಲ್ಬರ್ನ್‌ನಿಂದ ಹೊರಟಾಗಿದ್ದ ಕೊರಗಪ್ಪ ಕುಟುಂಬವು ಪತ್ರೊಡೆಯ ಡಬ್ಬಿಯೊಂದಿಗೆ ಜಲಾಂತರ್ಗಾಮಿಯ ಎದುರು ಐದು ಗಂಟೆ ಕಾದಿರುತ್ತದೆ. ಆ ದಿನದ ಫೋನ್ ಸಂಭಾಷಣೆಯಲ್ಲಿ ಕೊರಗಪ್ಪನವರು, ಬ್ಯಾಟರಿ ಮಿತಿಮೀರಿ ತುಂಬಿದೆಯೆಂದು ನಿಮ್ಮ ತಾಯಿಯೇ ಹೇಳಿದರೆಂದೂ, ಶಿವಲಿಂಗಪ್ಪನವರು, ಬ್ಯಾಟರಿ ಬರಿದಾಗಿದೆಯೆಂದು ಹೇಳಿದ್ದಾಗಿ ತಾಯಿ ಸ್ಪಷ್ಟಪಡಿಸಿದ್ದಾರೆಂದೂ, ತಮ್ಮ ತಾಯಿ ಸುಳ್ಳು ಹೇಳುವವರಲ್ಲವೆಂದೂ ವಾದಿಸಿದ್ದಾರೆ. ತದನಂತರ ಎರಡೂ ಕಚೇರಿಗಳ ನಡುವೆ ಮಾತು ನಿಂತಿರುತ್ತದೆ. ವ್ಯಾನು ಇಡೀ ಬೇಸಿಗೆ ಕೆಲ್ಲಿವಿಲ್‌ನ ಡ್ರೈವ್‌ವೇಯಲ್ಲಿ ನಿಂತಿರುತ್ತದೆ. ಉಲ್ಲೇಖ 2ರ ಇ-ಮೇಲ್‌ನ ಪೂರ್ಣ ಪಾಠ: “ವ್ಯಾನ್ ಮಾರಿಬಿಡುವ.”

ಈ ನಡುವೆ ವೇದಾವತಿಯವರು ಮತ್ತು ಕೊರಗಪ್ಪನವರ ಪತ್ನಿ ಕುಸುಮಾವತಿಯವರು ಪ್ರತಿ ಬುಧವಾರ ಒಂದು ಗಂಟೆ ಫೋನಿನಲ್ಲಿ ಮಾತಾಡುತ್ತಿರುವುದು ಉಭಯ ಮುಖ್ಯಸ್ಥರಿಗೂ ಗೊತ್ತಿದ್ದು, ಗೊತ್ತಿಲ್ಲವೆಂದು ಪರಿಗಣಿಸಲಾಗಿದೆ.

ಈ ತಿಂಗಳು ರುದ್ರವ್ವನವರು ಎರಡನೇ ಬಾರಿ ಬಂದಿರುತ್ತಾರೆ. ದಿನಾಂಕ 20-05-2007ರ ಭಾನುವಾರ ಅವರು ಅಡುಗೆಮನೆಯಿಂದ “ಉಪ್ಪ ಹೆಚ್ಚೈತಿ” ಎಂದು ತಿಳಿಸಲಾಗಿ, ಮೈಸೂರು ಕಡೆಯವರಾದ ವೇದಾವತಿಯವರು ಸಾರಿಗೆ ಎರಡು ಲೋಟ ನೀರು ಸುರಿದಿದ್ದಾರೆ. ಸಾರು ಸಪ್ಪೆಯಾಗಿದೆ. ಉಪ್ಪು ತರಲೆಂದು ಎದ್ದ ಶಿವಲಿಂಗಪ್ಪನವರ ಕೈಗೆ ಖಾಲಿ ಡಬ್ಬಿ ಸಿಕ್ಕಿದೆ. ಅಕ್ಕಿ, ಉಪ್ಪು, ಅರಿಶಿನ ಮುಗಿದರೆ ‘ಮುಗಿದಿದೆ’ ಎಂಬ ಅಶುಭವನ್ನು ನುಡಿಯದೆ ‘ಹೆಚ್ಚಿದೆ’ ಎನ್ನುವುದು ರುದ್ರವ್ವನವರ ಮನೆಯ ರೂಢಿ. ಒಡೆದ ಬಳೆಯೂ ಅವರ ಬಾಯಲ್ಲಿ ಹೆಚ್ಚುತ್ತದೆ. ಆ ಮಾತು ಕೇಳಿಯೇ ಬೆಳೆದ ಮಗನು, ಫೋನಿನಲ್ಲಿ ಯಾವ ಪದ ಬಳಸಿದೆ ಎಂದು ತಾಯಿಯನ್ನು ಎಂಟು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲವೆಂಬುದು ಡಬ್ಬಿ ಹಿಡಿದು ನಿಂತ ಸ್ಥಿತಿಯಲ್ಲಿ ಇಲಾಖೆಯ ಗಮನಕ್ಕೆ ಬಂದಿರುತ್ತದೆ.

ಆದುದರಿಂದ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

1. ಈ ಸುತ್ತೋಲೆಯ ಉದ್ದೇಶಕ್ಕಾಗಿ ‘ಚಳಿಗಾಲ’ ಎಂದರೆ ಜೂನ್, ಜುಲೈ, ಆಗಸ್ಟ್. ಅಡುಗೆಮನೆಯ ಗೋಡೆಗೆ ಊರಿನಿಂದ ತಂದು ನೇತುಹಾಕಿರುವ ಕ್ಯಾಲೆಂಡರ್ ಈ ತಿಂಗಳುಗಳನ್ನು ಮುಂಗಾರು ಎಂದು ತೋರಿಸುತ್ತಿದ್ದು, ಅದನ್ನು ನಂಬಿ ಬ್ಯಾಟರಿಗೆ ಕೊಡೆ ಹಿಡಿಯತಕ್ಕದ್ದಲ್ಲ.

2. ಹಿಂದಿನ ಬ್ಯಾಟರಿಯು ಚಾರ್ಜ್ ವಹಿಸಿಕೊಡದೆಯೇ ನಿವೃತ್ತಿ ಹೊಂದಿದ್ದು, ಹೊಸ ಬ್ಯಾಟರಿಯು ಚಾರ್ಜ್ ವಹಿಸಿಕೊಂಡಿರುತ್ತದೆ. ಇದನ್ನು ಪೂರ್ತಿ ತುಂಬಿಸಿ, ಮೊದಲು ಋಣ ತುದಿಯ ತಂತಿಯನ್ನೂ ಬಳಿಕ ಧನ ತುದಿಯ ತಂತಿಯನ್ನೂ ಬಿಚ್ಚಿ, ಗ್ಯಾರೇಜಿನೊಳಗೆ ಮಣೆಯ ಮೇಲೆ ಕೂರಿಸತಕ್ಕದ್ದು. ಮಣೆಯನ್ನು ಊಟಕ್ಕೆಂದು ವಾಪಸು ಕೇಳುವಂತಿಲ್ಲ.

3. ಆಯುಧಪೂಜೆಯಂದು ಭೇದಭಾವ ಬೇಡವೆಂದು ಬ್ಯಾಟರಿಯ ಎರಡೂ ತುದಿಗಳಿಗೆ ಕುಂಕುಮ ಹಚ್ಚಲಾಗಿದೆ. ಧನ ತುದಿಯ ಗುರುತು ಕೆಂಪು, ಋಣ ತುದಿಯದು ಕಪ್ಪು ಎಂಬ ವ್ಯವಸ್ಥೆಯು ಇದರಿಂದ ಕುಸಿದುಬಿದ್ದಿರುತ್ತದೆ. ಇನ್ನು ಮುಂದೆ ಧನ ತುದಿಗೆ ಮಾತ್ರ ಕುಂಕುಮ. ಋಣ ತುದಿಗೆ ಕಾಡಿಗೆಯಿಂದ ದೃಷ್ಟಿಬೊಟ್ಟು ಇಡತಕ್ಕದ್ದು. ಇದರಿಂದ ಗುರುತೂ ಸಿಗುವುದು, ಪಕ್ಕದ ಮನೆಯವರ ಹೊಸ ಕ್ಯಾರವಾನ್‌ನ ಕಣ್ಣೂ ತಾಗದು.

4. ವ್ಯಾನಿನ ಡ್ಯಾಶ್‌ಬೋರ್ಡ್ ಮೇಲೆ ಇಪ್ಪತ್ತೊಂದು ಬಣ್ಣದ ಬಲ್ಬುಗಳ ಪ್ರಭಾವಳಿಯೊಂದಿಗೆ ಕೆಲಸ ಮಾಡುತ್ತಿರುವ ವಿನಾಯಕನು ಕಳೆದ ಚಳಿಗಾಲದಲ್ಲಿ ಹಗಲಿರುಳು ಮಿನುಗಿ, ಸಣ್ಣ ಚಾರ್ಜರ್ ತುಂಬಿದ್ದನ್ನೆಲ್ಲ ಬಳಸಿರುವುದು ತನಿಖೆಯಿಂದ ತಿಳಿದುಬಂದಿದೆ. ದೇವರ ದೀಪವನ್ನು ಆರಿಸಲು ಯಾವ ಸಿಬ್ಬಂದಿಯೂ ಮುಂದೆ ಬಂದಿರುವುದಿಲ್ಲ. ಆದ್ದರಿಂದ ವಿನಾಯಕನನ್ನು ಆಡಳಿತಾತ್ಮಕ ಕಾರಣಗಳಿಂದ ಮೂರು ತಿಂಗಳ ಅವಧಿಗೆ ಮನೆಯ ದೇವರ ಗೂಡಿಗೆ ವರ್ಗಾಯಿಸಲಾಗಿದೆ. ಇದು ಶಿಕ್ಷೆಯಲ್ಲ. ಗೂಡಿನಲ್ಲಿ ಈಗಾಗಲೇ ಇರುವ ಮೂವರು ವಿನಾಯಕರು ಜ್ಯೇಷ್ಠತೆಯ ಪ್ರಶ್ನೆ ಎತ್ತದಂತೆ ಸಹಕರಿಸಲು ಕೋರಲಾಗಿದೆ.

5. ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನು ಮಾತ್ರ ಹಾಕತಕ್ಕದ್ದು. ಕಾಯಿಸಿ ಆರಿಸಿದ ನೀರು ಡಿಸ್ಟಿಲ್ಡ್ ನೀರಲ್ಲ. ಜೀರಿಗೆ ಹಾಕಿ ಕಾಯಿಸಿದ ನೀರು ಹೊಟ್ಟೆಯ ವಾಯುವಿಗೆ ಒಳ್ಳೆಯದಾದರೂ, ಬ್ಯಾಟರಿಯಿಂದ ಹೊರಡುವ ವಾಯುವಿಗೆ ಅನ್ವಯಿಸುವುದಿಲ್ಲ.

6. ಬ್ಯಾಟರಿಗೆ ಮಂಕಿ ಕ್ಯಾಪ್ ತೊಡಿಸುವುದನ್ನು ನಿಷೇಧಿಸಲಾಗಿದೆ. ರುದ್ರವ್ವನವರು ಈಗಾಗಲೇ ಹೆಣೆದಿರುವ ಕ್ಯಾಪನ್ನು ಗುಲಾಬಿ ಬಣ್ಣದ್ದೆಂಬ ಕಾರಣಕ್ಕೆ ವಾದ ಮಾಡದೆ ಶಿವಲಿಂಗಪ್ಪನವರೇ ತೊಡತಕ್ಕದ್ದು.

7. (ವೇದಾವತಿಯವರ ಆಕ್ಷೇಪಣೆಯ ಮೇರೆಗೆ ಕೈಬಿಡಲಾಗಿದೆ.)

8. ಬ್ಯಾಟರಿಯ ಸ್ಥಿತಿಯನ್ನು ಇನ್ನು ಮುಂದೆ ಮುಳ್ಳು, ಮುಖಭಾವ ಅಥವಾ ನಾಣ್ಣುಡಿಯಿಂದ ತಿಳಿಸದೆ, ಮೀಟರ್ ಹಚ್ಚಿ ಅಂಕಿಯಲ್ಲಿ ತಿಳಿಸತಕ್ಕದ್ದು. 12.6 ವೋಲ್ಟ್ ಇದ್ದರೆ ಕ್ಷೇಮ. 12.4ಕ್ಕಿಂತ ಇಳಿದರೆ ಚಾರ್ಜರ್ ಹಾಕುವುದು. 12ಕ್ಕಿಂತ ಇಳಿದರೆ ಉಭಯ ಮುಖ್ಯಸ್ಥರಿಗೂ, ಅವರು ಪರಸ್ಪರ ಯಾವ ಸಿಟ್ಟಿನಲ್ಲಿದ್ದರೂ, ಏಕಕಾಲದಲ್ಲಿ ತಿಳಿಸುವುದು.

9. ‘ಹೆಚ್ಚು’ ಎಂಬ ಪದವನ್ನು ಅದರ ಎಲ್ಲ ವಿಭಕ್ತಿ ಹಾಗೂ ಕಾಲಗಳಲ್ಲಿ ಈ ಇಲಾಖೆಯ ವ್ಯಾಪ್ತಿಯಲ್ಲಿ ನಿಷೇಧಿಸಲಾಗಿದೆ. ಬದಲಿಗೆ ‘ಅಧಿಕ’ ಅಥವಾ ‘ಜಾಸ್ತಿ’ ಬಳಸುವುದು. ‘ಹೆಚ್ಚೂಕಡಿಮೆ’ ಎಂಬಲ್ಲಿ ಮೊದಲರ್ಧವನ್ನು ಮಾತ್ರ ನಿಷೇಧಿಸಲಾಗಿದ್ದು, ‘ಕಡಿಮೆ’ ಎಂದಷ್ಟೇ ಹೇಳಿ ಉಳಿದದ್ದನ್ನು ಕೈಸನ್ನೆಯಿಂದ ಸೂಚಿಸಬಹುದು. ತರಕಾರಿ ಹೆಚ್ಚುವುದು ಬೇರೆಯೇ ಕ್ರಿಯೆಯೆಂದು ವೇದಾವತಿಯವರು ಲಿಖಿತ ಮನವಿ ಸಲ್ಲಿಸಿದ್ದು, ಪರಿಶೀಲಿಸಿ ತಿರಸ್ಕರಿಸಲಾಗಿದೆ. ಬೀನ್ಸನ್ನು ಇನ್ನು ಮುಂದೆ ಕತ್ತರಿಸತಕ್ಕದ್ದು. ದೀಪ ಹಚ್ಚುವುದಕ್ಕೆ ಅಡ್ಡಿಯಿಲ್ಲ. ಆದರೆ ಒಂದೇ ಸ್ವರದ ಅಂತರವಿರುವುದರಿಂದ ‘ಹ’ ಅಕ್ಷರವನ್ನು ಬಾಯಿ ಅಗಲಿಸಿ ಉಚ್ಚರಿಸುವುದು.

10. ರುದ್ರವ್ವನವರು ಹೇಳಿದ್ದು ಸತ್ಯ. ಕೊರಗಪ್ಪನವರು ಕೇಳಿಸಿಕೊಂಡದ್ದೂ ಸತ್ಯ. ಇಬ್ಬರನ್ನೂ ಸಕಲ ಆರೋಪಗಳಿಂದ ಮುಕ್ತಗೊಳಿಸಲಾಗಿದೆ. ರುದ್ರವ್ವನವರನ್ನು ಮುಖ್ಯ ಬ್ಯಾಟರಿ ಪರಿವೀಕ್ಷಕರ ಹುದ್ದೆಯಲ್ಲಿ ಪುನಃ ನೇಮಿಸಲಾಗಿದ್ದು, ಅವರಿಗೆ ಅಂಕಿಗಳನ್ನು ಓದಲು ಬರುತ್ತದೆ. ಇದನ್ನೂ ಈವರೆಗೆ ಯಾರೂ ಕೇಳಿರಲಿಲ್ಲ.

11. ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಸಿಡ್ನಿ ಕಚೇರಿಯಿಂದ ಮೆಲ್ಬರ್ನ್ ಕಚೇರಿಗೆ ಫೋನ್ ಮಾಡಿ ವೋಲ್ಟ್ ತಿಳಿಸಲಾಗುವುದು. ಮಾತು ವೋಲ್ಟಿಗೆ ಸೀಮಿತವಾಗಿರತಕ್ಕದ್ದು. ಅಂಕಿ ಹೇಳಿದ ಮೇಲೆ ಎರಡೂ ಕಡೆ ಯಾರೂ ಫೋನ್ ಇಡದೆ ಸುಮ್ಮನಿದ್ದಲ್ಲಿ, ಮೂರು ನಿಮಿಷದವರೆಗಿನ ಮೌನವನ್ನು ಜಗಳವೆಂದು ಎಣಿಸುವಂತಿಲ್ಲ. ಮೆಲ್ಬರ್ನ್‌ನಲ್ಲಿ ಚಳಿ ಎಷ್ಟಿದೆ, ಊಟ ಆಯಿತೇ, ಬೆನ್ನುನೋವು ಹೇಗಿದೆ ಎಂಬ ಪ್ರಶ್ನೆಗಳನ್ನು ಬ್ಯಾಟರಿಗೆ ಸಂಬಂಧಿಸಿದವೆಂದೇ ಭಾವಿಸಿ ಉತ್ತರಿಸಬಹುದು.

12. ದಿನಾಂಕ 01-09-2007ರ ಶನಿವಾರ ಬೆಳಗ್ಗೆ ಐದಕ್ಕೆ ಕೀ ತಿರುಗಿಸಲಾಗುವುದು. ವ್ಯಾನು ಸ್ಟಾರ್ಟ್ ಆಗದಿದ್ದಲ್ಲಿ ಉಲ್ಲೇಖ 2ರ ಪ್ರಸ್ತಾವನೆಯನ್ನು ಒಪ್ಪಿ ವ್ಯಾನನ್ನು ಮಾರಲಾಗುವುದು. ಸ್ಟಾರ್ಟ್ ಆದಲ್ಲಿ ಸಿಡ್ನಿ ಕಚೇರಿಯ ಸಮಸ್ತ ಸಿಬ್ಬಂದಿ ಜಲಾಂತರ್ಗಾಮಿಯ ಎದುರು ಹಾಜರಿರತಕ್ಕದ್ದು. ಮೆಲ್ಬರ್ನ್ ಕಚೇರಿಯವರು ಬರಲೇಬೇಕೆಂದು ಆದೇಶಿಸುವ ಅಧಿಕಾರ ಈ ಕಚೇರಿಗೆ ಇರುವುದಿಲ್ಲ. ಬಾರದಿದ್ದಲ್ಲಿ ಸಿಡ್ನಿ ಕಚೇರಿಯು ಅಲ್ಲಿಯೇ ಐದು ಗಂಟೆ ಕಾಯತಕ್ಕದ್ದು. ಅಷ್ಟು ಹೊತ್ತು ಅಲ್ಲಿ ಕಾದವರಿಗೆ ಹೇಗಾಗಿರಬಹುದೆಂದು ತಿಳಿಯಲು ಬೇರೆ ಮಾರ್ಗವಿರುವುದಿಲ್ಲ.

13. ಕಳೆದ ವರ್ಷದ ಪ್ರಕರಣದಲ್ಲಿ ಸಿಡ್ನಿ ಕಚೇರಿಯ ಮುಖ್ಯಸ್ಥರಿಂದ ತಪ್ಪಾಗಿರುತ್ತದೆ. ಸ್ನೇಹಿತನ ಮಾತನ್ನು ಪೂರ್ತಿ ಕೇಳಿರುವುದಿಲ್ಲ, ತಾಯಿಯ ಮಾತನ್ನು ಕೇಳಿಯೇ ಇರುವುದಿಲ್ಲ. ‘ವಿಷಾದಿಸಲಾಗಿದೆ’ ಎಂದು ಕರಡಿನಲ್ಲಿ ಬರೆದಿದ್ದನ್ನು, ವಿಷಾದಿಸಿದವರು ಯಾರು ಎಂದು ವೇದಾವತಿಯವರು ಕೇಳಿದ್ದರಿಂದ ಹೊಡೆದುಹಾಕಿ, ‘ನಾನು ವಿಷಾದಿಸುತ್ತೇನೆ’ ಎಂದು ತಿದ್ದಲಾಗಿದೆ.

ಈ ಸುತ್ತೋಲೆಯು ಬ್ಯಾಟರಿಯನ್ನು ಮಣೆಯ ಮೇಲೆ ಕೂರಿಸಿದ ಗಳಿಗೆಯಿಂದ ಜಾರಿಗೆ ಬಂದಿರುತ್ತದೆ.

ಸಹಿ/-
(ಶಿವಲಿಂಗಪ್ಪ)
ಮುಖ್ಯಸ್ಥರು, ಸಿಡ್ನಿ ಕಚೇರಿ
ಜಂಟಿ ಕ್ಯಾಂಪರ್ ವ್ಯಾನ್ ಇಲಾಖೆ

ಪ್ರತಿಗಳು:

1) ಶ್ರೀಮತಿ ರುದ್ರವ್ವ, ಮುಖ್ಯ ಬ್ಯಾಟರಿ ಪರಿವೀಕ್ಷಕರು — ಓದಿ ಹೇಳಲಾಗಿದೆ. ಪೂರ್ತಿ ಕೇಳಿ, ಇಷ್ಟಕ್ಕೆ ಇಷ್ಟುದ್ದ ಏಕೆ ಎಂದು ಷರಾ ನೀಡಿರುತ್ತಾರೆ.

2) ಶ್ರೀಮತಿ ವೇದಾವತಿ — ಬೀನ್ಸ್ ಬಗ್ಗೆ ಸೂಕ್ತ ಕ್ರಮಕ್ಕಾಗಿ.

3) ಶ್ರೀಮತಿ ಕುಸುಮಾವತಿ, ಮೆಲ್ಬರ್ನ್ — ಬುಧವಾರವೇ ವಿಷಯ ತಿಳಿದಿರುವುದರಿಂದ, ತಿಳಿಯದಂತೆ ಓದುವ ಕೋರಿಕೆಯೊಂದಿಗೆ. ಪತ್ರೊಡೆಯ ಬಗ್ಗೆ ಒತ್ತಾಯವಿಲ್ಲ.

4) ವಿನಾಯಕ, ದೇವರ ಗೂಡು (ವರ್ಗಾವಣೆಯ ಮೇಲೆ).

5) ಬ್ಯಾಟರಿ — ಮಣೆಯ ಕೆಳಗೆ ಅಂಟಿಸಲು.

6) ಶ್ರೀ ಕೊರಗಪ್ಪ, ಮುಖ್ಯಸ್ಥರು, ಮೆಲ್ಬರ್ನ್ ಕಚೇರಿ — ಇಂದಿನ ಅಂಕಿ 12.6. ಸೂಚನೆ 9ನ್ನು ಒಂದು ಬಾರಿಗೆ ಸಡಿಲಿಸಿ ತಿಳಿಸುವುದೇನೆಂದರೆ, ಕೆಲ್ಲಿವಿಲ್‌ನಲ್ಲಿ ತಮ್ಮ ನೆನಪು ಹೆಚ್ಚಾಗಿದೆ. ಈ ಪದವನ್ನು ರೋಣದ ಅರ್ಥದಲ್ಲಿ ಅಲ್ಲ, ಉಡುಪಿಯ ಅರ್ಥದಲ್ಲಿ ಓದಿಕೊಳ್ಳತಕ್ಕದ್ದು.