ಎರಡು ಕಂಬಗಳ ನಡುವೆ ಒಂದು ತಲೆ

ಎಲ್ಲ ರಾದ್ಧಾಂತಕ್ಕೂ ಕಾರಣವಾದದ್ದು ಎರಡು ಗಿಡ್ಡ ಕಂಬಗಳ ನಡುವೆ ಉಳಿದ ಮುಕ್ಕಾಲು ಗೇಣು ಜಾಗ.

ಮಹಡಿಯ ಬಾಲ್ಕನಿಗೆ ಕಟಾಂಜನವೊಂದು ಬಿಟ್ಟರೆ ಮನೆಯ ಕೆಲಸವೆಲ್ಲ ಮುಗಿದಿತ್ತು. ಹೊಟ್ಟೆಯುಬ್ಬಿದ ಗಿಡ್ಡ ಕಂಬಗಳನ್ನು ಸಾಲಾಗಿ ನಿಲ್ಲಿಸಿ ಮೇಲೊಂದು ಅಡ್ಡಪಟ್ಟಿ ಕೂರಿಸಿದರೆ ಆಯಿತು. ಆದರೆ ಕಂಬ ಕಾಂಕ್ರೀಟಿನದೋ, ಫೈಬರಿನದೋ? ಕಾಂಕ್ರೀಟು ಆನೆಯಂತೆ ಭಾರ. ಅದನ್ನು ಬಾಲ್ಕನಿ ತಡೆದೀತೆ? ಫೈಬರು ಹಪ್ಪಳದಂತೆ ಹಗುರ. ಅದು ಒರಗಿದವರನ್ನು ತಡೆದೀತೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಮನೆಯ ಯಜಮಾನ ಮಳೆಗಾಲ ಕಳೆದ, ಚಳಿಗಾಲವನ್ನೂ ಕಳೆದ. ಅಲ್ಲಿಯವರೆಗೆ ಬಾಲ್ಕನಿಯನ್ನು ಕಾಯುತ್ತಿದ್ದುದು ಬಟ್ಟೆ ಒಣಹಾಕುವ ಒಂದು ಹಗ್ಗ.

ಅವನು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ. ವೈದ್ಯರ ಚೀಟಿಯನ್ನು ಮೂರು ಸಲ ಓದಿ, ಗಿರಾಕಿಯ ಮುಖವನ್ನೂ ಒಮ್ಮೆ ಓದಿ, ಆಮೇಲೆ ಮಾತ್ರೆ ಕೊಡುವ ಮನುಷ್ಯ. ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದುದರಿಂದ ಬೀದಿಯವರು ನೋಡೋಣಪ್ಪ ಎಂದೇ ಹೆಸರಿಟ್ಟಿದ್ದರು.

ಅವನು ನೋಡೋಣ ಎನ್ನುತ್ತಿರುವಾಗಲೇ ಮನೆಯ ಉಳಿದದ್ದನ್ನೆಲ್ಲ ಹೆಂಡತಿಯ ಅಣ್ಣ ನೋಡಿ ಮುಗಿಸಿದ್ದರು. ಗೋಡೆಯ ಗಿಳಿಹಸಿರು ಬಣ್ಣ, ಗಂಟಲು ಕಟ್ಟಿದ ಹಕ್ಕಿಯಂತೆ ಕಿರುಚುವ ಕರೆಗಂಟೆ, ಕೊನೆಗೆ ಗಂಡಹೆಂಡಿರ ಮಂಚ ಯಾವ ಗೋಡೆಗೆ ತಾಗಬೇಕೆಂಬುದು ಕೂಡ ಅವರದೇ ತೀರ್ಮಾನ.

"ರೀ, ಇವತ್ತು ಅಣ್ಣ ಬರ್ತಾನೆ," ಎಂದಳು ಹೆಂಡತಿ ಬೆಳಗ್ಗೆಯೇ. "ಅಷ್ಟರೊಳಗೆ ನೀವು ಒಂದು ಹೇಳಿಬಿಡಿ. ಇಲ್ಲಾಂದ್ರೆ ಬಂದವನು ಅವನೇ ಹೇಳ್ತಾನೆ. ಈ ಮನೇಲಿ ಇದು ನನ್ನ ಗಂಡ ಆರಿಸಿದ್ದು ಅಂತ ತೋರಿಸೋಕೆ ಒಂದಾದ್ರೂ ಬೇಡ್ವಾ?"

"ನೋಡೋಣ."

"ನೋಡೋಣ ಅಂತ ನನ್ನ ಮುಖ ನೋಡ್ಬೇಡಿ. ಮೇಲೆ ಹೋಗಿ ಕಂಬ ನೋಡಿ!"

ಮೇಲೆ ಮೇಸ್ತ್ರಿ ಎರಡು ದಿನದ ಹಿಂದೆಯೇ ಮಾದರಿ ಕಟ್ಟಿಟ್ಟಿದ್ದ. "ಎಡಗಡೆ ಕಾಂಕ್ರೀಟು, ಬಲಗಡೆ ಫೈಬರು. ಮೇಲೆ ಪಟ್ಟೀನೂ ಕೂರಿಸಿ ಸಿಮೆಂಟ್ ಹಾಕಿದೀನಿ ಸಾರ್. ಹೊಟ್ಟೆ ತುಂಬ ನೋಡಿ. ನಾನು ಟೀ ಕುಡ್ಕೊಂಡು ಬರ್ತೀನಿ," ಎಂದು ಹೋದ.

ನೋಡೋಣಪ್ಪ ಎರಡನ್ನೂ ಬೆರಳಿನಿಂದ ಬಡಿದ. ಮೂಸಿದ. ಒಂದಕ್ಕೆ ಒರಗಿ ನಿಂತ, ಇನ್ನೊಂದಕ್ಕೆ ಮನ್ನಿಸು ಎಂಬಂತೆ ಒರಗಿದ. ತೀರ್ಮಾನ ಬರುವ ಬದಲು ಹೊಸ ಅನುಮಾನವೊಂದು ಬಂತು: ನಾಳೆ ಬಂದವರ ಮಗು ಈ ಸಂದಿಯಲ್ಲಿ ತಲೆ ತೂರಿಸಿದರೆ? ಹತ್ತಿರದಲ್ಲಿ ಮಗು ಇರಲಿಲ್ಲ. ಆದ್ದರಿಂದ ಮಂಡಿಯೂರಿ ತನ್ನದನ್ನೇ ತೂರಿಸಿದ.

ತಲೆ ಹೋಯಿತು. ಹೋಗುವಾಗ ಮಡಚಿಕೊಂಡ ಕಿವಿಗಳು ಆಚೆ ತಲುಪಿದ ಮೇಲೆ ಕೊಡೆಯಂತೆ ಬಿಚ್ಚಿಕೊಂಡವು. ವಾಪಸು ಬರಲು ಒಪ್ಪಲಿಲ್ಲ.

ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು ಪತ್ರಿಕೆ ಕೆಳಗಿಳಿಸಿ ಮೇಲೆ ನೋಡಿದರು. "ಏನ್ರೀ, ತಲೆ ಒಣಗಿಸ್ತಿದ್ದೀರಾ?"

"ಸಿಕ್ಕೊಂಡಿದೆ ಸಾರ್."

"ಸಿಕ್ಕೊಂಡಿದೆಯಂತೆ!" ಎಂದು ಮಾಸ್ಟರು ಬೀದಿಗೆಲ್ಲ ಪ್ರಸಾರ ಮಾಡಿದರು. ನಿಮಿಷದಲ್ಲಿ ಕೆಳಗೆ ಜನ ಸೇರಿತು. ಬೇಟೆಗಾರನ ಮನೆಯ ಗೋಡೆಯ ಮೇಲಿನ ಜಿಂಕೆಯಂತೆ ನೋಡೋಣಪ್ಪ ಎಲ್ಲರನ್ನೂ ಮಿಕಿಮಿಕಿ ನೋಡಿದ.

ಪಕ್ಕದ ಮನೆಯ ನರ್ಸಮ್ಮ ಎಣ್ಣೆ ಬಾಟಲಿ ಹಿಡಿದು ಏದುಸಿರಿನಲ್ಲಿ ಮೇಲೆ ಬಂದರು. ಬೀದಿಯ ಅರ್ಧ ಮಕ್ಕಳನ್ನು ಭೂಮಿಗಿಳಿಸಿದ ಕೈ ಅವರದು. "ಹೆದರ್ಬೇಡಪ್ಪಾ, ಇದೆಲ್ಲ ನಾನು ದಿನಾ ನೋಡಿದ್ದೇ. ತಲೆ ಆಚೆ ಬಂದಿದೆ. ಇನ್ನು ಭುಜ ಬಂದ್ರೆ ಸಲೀಸು. ಉಸಿರು ಹಿಡಿದು ತಿಣುಕು!"

"ಭುಜ ಬಂದ್ರೆ ನಾನು ರಸ್ತೆಗೆ ಬೀಳ್ತೀನಮ್ಮಾ!"

"ಎಲ್ಲರೂ ಹಾಗೇ ಕಿರುಚಿಕೊಳ್ಳೋದು," ಎಂದು ನರ್ಸಮ್ಮ ಬಾಟಲಿಯನ್ನು ಅವನ ತಲೆಯ ಮೇಲೆ ಬಗ್ಗಿಸಿದರು. ಎಣ್ಣೆ ಕಣ್ಣಿಗಿಳಿಯಿತು. ತಲೆ ಕದಲಲಿಲ್ಲ.

ಟೀ ಮುಗಿಸಿ ಬಂದ ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡ. "ಒಂದನ್ನ ಒಡೀಲೇಬೇಕು. ಯಾವುದು ಒಡೀಲಿ ಸಾರ್?"

ಮತ್ತೆ ಅದೇ ಪ್ರಶ್ನೆ! ಕಾಂಕ್ರೀಟು ಒಡೆದರೆ ಚೂರು ಕಣ್ಣಿಗೆ ಹಾರೀತು. ಫೈಬರು ಒಡೆದರೆ ಸೀಳು ಕುತ್ತಿಗೆಗೆ ನಾಟೀತು. "ನೋಡೋಣ," ಎಂದ ನೋಡೋಣಪ್ಪ.

ಬೀದಿ ಎರಡು ಪಾರ್ಟಿಯಾಯಿತು. ಕಾಂಕ್ರೀಟ್ ಒಡೀರಿ, ಅದು ಬೇಸಿಗೇಲಿ ಬಿರುಕು ಬಿಡುತ್ತೆ ಎಂದಿತು ಒಂದು. ಫೈಬರ್ ಒಡೀರಿ, ಅದು ಬಿಸಿಲಿಗೆ ಬಣ್ಣಗೆಡುತ್ತೆ ಎಂದಿತು ಇನ್ನೊಂದು. ಮಾಸ್ಟರು ಮತಕ್ಕೆ ಹಾಕಿದರು: "ಕಾಂಕ್ರೀಟ್ ಒಡೆಯೋ ಕಡೆಯವರು ಕೈ ಎತ್ತಿ!"

"ಸಾರ್, ನನ್ನ ಮತ..."

"ಕೈ ಎತ್ತದೋರ ಮತ ಲೆಕ್ಕಕ್ಕಿಲ್ಲ."

"ನನ್ನ ಕೈ ಈಚೆ ಇದೆ ಸಾರ್, ನಿಮಗೆ ಕಾಣಲ್ಲ!"

"ಕಾಣದ ಕೈ ಎತ್ತದ ಕೈಯೇ," ಎಂದರು ಮಾಸ್ಟರು.

ಆಗ ಹಿಂದಿನಿಂದ ಹೆಂಡತಿ ಬಗ್ಗಿ ಮೆಲ್ಲಗೆ ಹೇಳಿದಳು: "ರೀ, ಅಣ್ಣ ಹೊರಟನಂತೆ."

ನೋಡೋಣಪ್ಪನ ಮೈಯೆಲ್ಲ ಉರಿದುಹೋಯಿತು. ತನ್ನ ಮನೆ, ತನ್ನ ಬಾಲ್ಕನಿ, ತನ್ನ ತಲೆ! ಎಲ್ಲಿತ್ತೋ ಆ ದನಿ, ಬೀದಿಯ ನಾಯಿಗಳೂ ಎದ್ದು ನಿಂತವು:

"ಫೈಬರ್ ಒಡೀರಿ! ಬಾಲ್ಕನಿ ಪೂರ್ತಿ ಕಾಂಕ್ರೀಟೇ ಹಾಕಿ! ಇದು ನನ್ನ ತೀರ್ಮಾನ!"

ಎತ್ತಿದ್ದ ಕೈಗಳೆಲ್ಲ ಕೆಳಗಿಳಿದವು. ಹೆಂಡತಿಯ ಕಣ್ಣು ಒದ್ದೆಯಾಯಿತು. ಮೇಸ್ತ್ರಿ ಸುತ್ತಿಗೆ ಬೀಸಲು ಎತ್ತಿದ್ದೇ ತಡ, ನೋಡೋಣಪ್ಪನಿಗೆ ಜೀವ ಬಾಯಿಗೆ ಬಂದು ಮೈ ಹಿಂದಕ್ಕೆ ಜಗ್ಗಿತು. ಎಣ್ಣೆ ಕುಡಿದಿದ್ದ ತಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಈಚೆ ಬಂತು. ಕಂಬಗಳೆರಡೂ ಇದ್ದಂತೆಯೇ ಇದ್ದವು.

ಕರೆಗಂಟೆ ಕಿರುಚಿತು. ಭಾವ ಬಂದರು. ಮೆಟ್ಟಿಲಲ್ಲೇ ಕತೆ ಕೇಳಿ, ಹೊಟ್ಟೆ ಹಿಡಿದು ನಗುತ್ತಲೇ ಬಾಲ್ಕನಿಗೆ ಬಂದರು.

"ಭಾವ, ನಾನು ತೀರ್ಮಾನ ಮಾಡಿಬಿಟ್ಟೆ..."

"ಅದು ಆಮೇಲಾಯ್ತು. ಇದರೊಳಗೆ ತಲೆ ಸಿಕ್ಕೊಳ್ತಾ? ಇದರೊಳಗಾ? ತಲೆ ಹಾಕೋಕೂ ಒಂದು ಕ್ರಮ ಇದೆ ಕಣಯ್ಯ. ನೋಡಿಲ್ಲಿ. ಹೀಗೆ ಹಾಕಬೇಕು, ಆಮೇಲೆ ಹೀಗೆ..."

ಎರಡನೆಯ 'ಹೀಗೆ' ಅಲ್ಲೇ ನಿಂತಿತು.

ಕರಗುತ್ತಿದ್ದ ಜನ ಮತ್ತೆ ಸೇರಿತು. ನರ್ಸಮ್ಮ ಬಾಟಲಿ ತಲೆಕೆಳಗು ಮಾಡಿ ತೋರಿಸಿದರು. "ಎಣ್ಣೆ ಖಾಲಿ. ಎಲ್ಲಾ ಮೊದಲ ಹೆರಿಗೆಗೇ ಆಯ್ತು." ಮೇಸ್ತ್ರಿ ಸುತ್ತಿಗೆ ಎತ್ತಿ ಹೆದರಿಸಿ ನೋಡಿದ. ಭಾವ ಹೆದರುವ ಆಸಾಮಿಯೇ ಅಲ್ಲ. "ಸುತ್ತಿಗೆ ಹಿಡಿಯೋದು ಹಾಗಲ್ಲ, ಇನ್ನೂ ಕೆಳಗೆ ಹಿಡಿ!" ಎಂದರು ಆಚೆಯಿಂದ.

"ಯಾವುದು ಒಡೀಲಿ ಸಾರ್?" ಎಂದು ಮೇಸ್ತ್ರಿ ಅಭ್ಯಾಸಬಲದಿಂದ ಭಾವನ ಬೆನ್ನನ್ನೇ ಕೇಳಿದ.

"ಅಣ್ಣನನ್ನೇನು ಕೇಳ್ತೀಯ?" ಎಂದಳು ಹೆಂಡತಿ, ಸೊಂಟಕ್ಕೆ ಸೆರಗು ಸಿಕ್ಕಿಸುತ್ತ. "ಯಜಮಾನರನ್ನ ಕೇಳು. ಹೇಳ್ರೀ!"

ಎಲ್ಲ ಕಣ್ಣುಗಳೂ ನೋಡೋಣಪ್ಪನ ಮೇಲೆ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರೆ ಸಾಕಿತ್ತು. ಆದರೆ ಆಗ ಇದ್ದುದು ತನ್ನ ಕುತ್ತಿಗೆ, ಈಗಿನದು ಬೇರೆಯವರದು. ಫೈಬರಿನ ಸೀಳು ಭಾವನ ಕಿವಿಗೆ ನಾಟಿದರೆ? ಹಾಗಾದರೆ ಕಾಂಕ್ರೀಟೇ ಒಡೆಸಿದರೆ? ಅವನ ಬಾಯಿ ತೆರೆಯಿತು.

"ನೋಡೋ..."

"ಫೈಬರ್ ಒಡಿಯೋ!" ಭಾವ ಗುಡುಗಿದರು. "ಬಾಲ್ಕನಿ ಪೂರ್ತಿ ಕಾಂಕ್ರೀಟ್ ಹಾಕು! ಇಷ್ಟು ಸಣ್ಣ ತೀರ್ಮಾನಕ್ಕೂ ನಾನೇ ಬರಬೇಕಾ?"

"ಆಯ್ತು ಸಾರ್!" ಒಂದೇ ಏಟಿಗೆ ಫೈಬರ್ ಕಂಬ ಚೂರಾಯಿತು. ಬೀದಿ ಚಪ್ಪಾಳೆ ತಟ್ಟಿತು. "ತೀರ್ಮಾನ ಅಂದ್ರೆ ಹಾಗಿರಬೇಕು," ಎಂದರು ಮಾಸ್ಟರು, ಪತ್ರಿಕೆ ಬಿಡಿಸುತ್ತ.

"ಅದನ್ನ ಮೊದಲು ಹೇಳಿದ್ದು ನಾನು," ಎಂದ ನೋಡೋಣಪ್ಪ. ಕೇಳಿಸಿಕೊಂಡವರು ಯಾರೂ ಇರಲಿಲ್ಲ.

ಭಾವ ಒಳಗೆ ಹೋಗಿ ಅವನ ಕುರ್ಚಿಯಲ್ಲೇ ಒರಗಿದರು. ಹೆಂಡತಿ ಫೈಬರಿನ ಚೂರು ಗುಡಿಸುತ್ತ ನಿಟ್ಟುಸಿರಿಟ್ಟಳು. "ಹೋಗ್ಲಿ ಬಿಡಿ. ಅಣ್ಣನ ಕಿವಿ ತರಚಿ ಕೆಂಪಗಾಗಿದೆ. ಮುಲಾಮು ತನ್ನಿ. ಯಾವುದು ಒಳ್ಳೇದು? ಅದು ನಿಮ್ಮ ಅಂಗಡಿ ವಿಷಯ, ನಿಮ್ಮನ್ನ ಕೇಳದೆ ಯಾರನ್ನ ಕೇಳೋದು?"

ನೋಡೋಣಪ್ಪನ ಎದೆ ಕೊಂಚ ಉಬ್ಬಿತು. ಕಪಾಟಿನ ಮುಂದೆ ನಿಂತ. ಅಲ್ಲಿ ಎರಡು ಟ್ಯೂಬುಗಳಿದ್ದವು, ಒಂದು ಬಿಳಿ, ಒಂದು ಹಳದಿ. ಬಿಳಿಯದು ಉರಿ ತಗ್ಗಿಸುತ್ತದೆ. ಹಳದಿಯದು ಬೇಗ ಮಾಯಿಸುತ್ತದೆ. ಎರಡನ್ನೂ ಕೈಗೆತ್ತಿಕೊಂಡು ಹಿಂದೆ ಬರೆದದ್ದನ್ನು ಓದತೊಡಗಿದ. ಮುಗಿದ ಮೇಲೆ ಮೊದಲಿನಿಂದ ಇನ್ನೊಮ್ಮೆ ಓದಿದ.

"ಏನಾಯ್ತ್ರೀ?"

"ನೋಡೋಣ..."

"ಹಳದಿದು ತಗೊಂಬಾರಯ್ಯ!" ಎಂದು ಒಳಗಿನಿಂದ ಭಾವ ಕೂಗಿದರು.