ಬೇವಿನೆಣ್ಣೆ ಹಚ್ಚಿಕೊಂಡು ಹೆಣ್ಣು ನೋಡಲು ಹೋದದ್ದು

ಮನುಷ್ಯನ ತಲೆಯ ದೋಷಗಳನ್ನು ಟೊಪ್ಪಿಗೆ ಮುಚ್ಚುವಷ್ಟು ಚೆನ್ನಾಗಿ ವಿದ್ಯೆಯೂ ಮುಚ್ಚಲಾರದು. ಸ್ವಂತ ಅನುಭವದ ಮಾತಿದು. ನಿಜಾಮರ ಕಾಲದಲ್ಲಿ ಶಹಾಪುರದ ಕಚೇರಿಗೆ ಕಾರಕೂನನಾಗಿ ಸೇರಿದ ನಾನು ಕೆಂಪು ರೂಮಿ ಟೊಪ್ಪಿಗೆಯ ಕೆಳಗೆ ಮಾನವಾಗಿ ಬದುಕಿದ್ದೆ. ರಾಜ್ಯ ಹಿಂದುಸ್ತಾನದಲ್ಲಿ ಸೇರಿತು, ಊರೆಲ್ಲ ಪೇಢೆ ಹಂಚಿತು, ನಾನೂ ಕುಣಿದೆ. ಆಮೇಲೆ ನೋಡಿದರೆ ಕಚೇರಿಯ ಟೊಪ್ಪಿಗೆಗಳೆಲ್ಲ ಒಂದೊಂದಾಗಿ ಗೂಟಕ್ಕೇರಿದವು. ಅಯ್ಯೋ, ಸ್ವಾತಂತ್ರ್ಯ ನನ್ನ ತಲೆಹೊಟ್ಟಿಗೂ ಸಿಕ್ಕಿಬಿಟ್ಟಿತ್ತು! ಬಗ್ಗಿ ಬರೆದರೆ ಕಾಗದದ ಮೇಲೆ ಹಿಟ್ಟು ಉದುರುತ್ತಿತ್ತು.

ಅಂಥದ್ದರಲ್ಲಿ ಸುರಪುರದಲ್ಲಿ ಹೆಣ್ಣು ನೋಡುವುದು ಗೊತ್ತಾಯಿತು. ಹಿಂದೆ ಎರಡು ಮನೆಯವರು ನನ್ನ ತಲೆ ನೋಡಿ “ಆಮ್ಯಾಲ ತಿಳಸ್ತೀವ್ರಿ” ಎಂದವರು ಇನ್ನೂ ತಿಳಿಸಿರಲಿಲ್ಲ. ಇದೊಂದು ತಪ್ಪಿದರೆ ನನಗೆ ಮದುವೆಯೇ ಇಲ್ಲವೆಂದು ಓಣಿಯವರು ಆಗಲೇ ತೀರ್ಮಾನಿಸಿದ್ದರು. ಅವ್ವ ಗಾಣದಿಂದ ಬೇವಿನೆಣ್ಣೆ ತಂದಳು.

“ಅರ್ಧಕ್ಕರ್ಧ ಕೊಬ್ರಿ ಎಣ್ಣಿ ಕಲಸು. ಹಚ್ಚಿ ಒಂದ್ ತಾಸಿಗಿ ಸೀಗಿಕಾಯಿ ಹಾಕಿ ತೊಳಕೊ. ತಿಳೀತಿಲ್ಲೊ?”

“ತಿಳೀತವ್ವಾ.”

ಎಂಟೇ ದಿನ! ತುರಿಕೆ ನಿಂತಿತು, ಹೊಟ್ಟು ಇಳಿಯಿತು. ನನ್ನ ಉಮೇದು ಏನು ಕೇಳುತ್ತೀರಿ! ಕಂಡಕಂಡವರಿಗೆ ತಲೆ ಬಗ್ಗಿಸಿ ತೋರಿಸಿದೆ. ಒಂದು ತಾಸಿಗೆ ಇಷ್ಟು ಗುಣವಾದರೆ ಇಡೀ ದಿನಕ್ಕೆ ಎಷ್ಟಾದೀತು ಎಂದು ಹೆಣ್ಣು ನೋಡುವ ಮುಂಜಾನೆ ಅವ್ವನ ಕಣ್ಣು ತಪ್ಪಿಸಿ ಬರೀ ಬೇವಿನೆಣ್ಣೆಯನ್ನೇ ತಲೆಗೆ ಸುರುವಿಕೊಂಡೆ, ಮೊಡವೆಗೆಂದು ಮುಖಕ್ಕೂ ಬಳಿದುಕೊಂಡೆ. ತೊಳೆಯಲಿಲ್ಲ. ವಾಸನೆಯೋ, ಎಂಟು ದಿನದಲ್ಲಿ ನನ್ನ ಮೂಗಿಗೆ ರೂಢಿಯಾಗಿತ್ತು. ಬಸ್ಸಿನಲ್ಲಿ ಮೂವರ ಸೀಟು ನನ್ನೊಬ್ಬನಿಗೇ ಸಿಕ್ಕಾಗ ಶುಭಶಕುನವೆಂದೇ ಬಗೆದೆ.

ಹೆಣ್ಣಿನ ಮನೆಯಲ್ಲಿ ಅವಲಕ್ಕಿಯ ತಾಟು ಕೈಗೆ ಕೊಟ್ಟರು. ಹುಡುಗಿ ಒಳಬಾಗಿಲ ಹಿಂದೆ ನಿಂತಿದ್ದಳು. ಬಳೆಯ ಸದ್ದಿಗೇ ನನ್ನ ಎದೆ ಡವಡವ ಎನ್ನುತ್ತಿತ್ತು. ಅವಳ ಅಪ್ಪ ಎರಡು ಸಲ ಮೂಗೆಳೆದುಕೊಂಡರು. ಆಮೇಲೆ ದಡಕ್ಕನೆ ಎದ್ದು ಅಂಗಳದ ದನದ ಕೊಟ್ಟಿಗೆಯ ಕಡೆಗೆ ಗದರಿದರು.

“ಏ ಮಲ್ಲ್ಯಾ! ಎತ್ತಿನ ಹುಣ್ಣಿಗಿ ಬೇವಿನೆಣ್ಣಿ ಹಚ್ಚೀದೇನಲೇ? ಬೀಗ್ರು ಬರೋ ದಿನಾನ ಹಚ್ಬೇಕೇನು?”

ಮುದುಕ ಆಳುಮನುಷ್ಯ ಓಡಿ ಬಂದ. “ಇಲ್ರಿ ಧಣ್ಯಾರ, ಆಣಿ ಮಾಡಿ ಹೇಳ್ತೀನ್ರಿ!”

“ಸುಳ್ಳ ಹೇಳಬ್ಯಾಡ. ಮನಿ ತುಂಬ ನಾರಾಕತ್ತದ!” ಎನ್ನುತ್ತ ಅವರು ನನ್ನ ಕಡೆ ತಿರುಗಿದರು.

ನಾನು ತಾಟು ಕೆಳಗಿಟ್ಟೆ. “ಎತ್ತಲ್ರಿ,” ಎಂದೆ. “ನಾನ್ರೀ.”

ಬಾಗಿಲ ಹಿಂದಿನಿಂದ ಕಿಸಕ್ಕನೆ ನಗು ಬಂತು. ಹಿಂದೆಯೇ ಮಾತೂ ಬಂತು: “ಸೀಗಿಕಾಯಿ ಸಿಗಂಗಿಲ್ಲೇನ್ರಿ ಶಹಾಪುರದಾಗ?” ನನ್ನ ಕಿವಿ ಕೆಂಪಾದವು, ಆದರೂ ಅಂಥ ಸಂತೋಷ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅದೇ ಸಂಜೆ ಒಪ್ಪಿಗೆ ತಿಳಿಸಿದರು!

ಮದುವೆಯಾದಂದಿನಿಂದ ನನ್ನ ತಲೆ ಅವಳ ಸುಪರ್ದಿನಲ್ಲಿದೆ. ಅರ್ಧಕ್ಕರ್ಧ ಕೊಬ್ಬರಿ ಎಣ್ಣೆ, ಒಂದು ತಾಸು, ಸೀಗೆಕಾಯಿ. ಹೊಟ್ಟು ಪೂರ್ತಿ ಹೋಯಿತು. ಕಾಲಕ್ರಮದಲ್ಲಿ ಕೂದಲೂ ಹೋಯಿತು, ಅದಕ್ಕೆ ಬೇವನ್ನು ದೂರಲಾರೆ. ಬಂದವರ ಮುಂದೆಲ್ಲ ಅವಳದು ಒಂದೇ ಮಾತು: “ಒಬ್ಬ ಬಡವನ ಮ್ಯಾಲ ಸುಳ್ಳ ತಪ್ಪು ಬರಾಕತ್ತಿತ್ತಂತ ತಾವಾ ಒಪ್ಕೊಂಡ್ರು ನೋಡ್ರಿ. ಅದಕ್ಕಾ ಹೂಂ ಅಂದೆ.”

ನಾನು ತಲೆ ತಗ್ಗಿಸಿ ಕೂಡುತ್ತೇನೆ. ಬಂದವರು ಅದನ್ನು ವಿನಯವೆನ್ನುತ್ತಾರೆ. “ಹೌದ್ರಿ, ಎತ್ತಿಗೇ ಹಚ್ಚಿರಬೇಕು” ಎನ್ನಲು ನನ್ನ ಬಾಯಿ ಅಂದು ಆಗಲೇ ತೆರೆದಿತ್ತು. ಅಷ್ಟರಲ್ಲಿ ಕಿವಿಯ ಹಿಂದಿನಿಂದ ಒಂದು ಹನಿ ಎಣ್ಣೆ ಇಳಿದು, ಮಾವನವರು ನೋಡುತ್ತಿದ್ದಂತೆಯೇ, ಅವಲಕ್ಕಿಯ ತಾಟಿಗೆ ಬಿದ್ದಿತ್ತು. ಬಾಗಿಲ ಹಿಂದಿನವಳಿಗೆ ಅದು ಕಾಣಲಿಲ್ಲ. ಮಾವನವರು ದೊಡ್ಡ ಮನುಷ್ಯರು, ಇವತ್ತಿಗೂ ಬಾಯಿ ಬಿಟ್ಟಿಲ್ಲ, ನಾನಂತೂ ಬಿಡುವವನಲ್ಲ.